ಹೊತ್ತು ಮುಳುಗಿದ ಮೇಲೆ ಹತ್ತುವ ಊರುಗಳು

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಸಂಜೆ, ಆಲಮಟ್ಟಿ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ರೇಡಿಯೊ ತಿರುವುತ್ತಿದ್ದೆ. ಗದಗಿನ ಕಡೆಯ ಗಾಡಿಗೆ ಇನ್ನೂ ಒಂದು ತಾಸಿತ್ತು. ಅಂಗೈಗಿಂತ ತುಸು ದೊಡ್ಡದಾದ, ಎರಡು ಪೆನ್ಸಿಲ್ ಸೆಲ್ಲಿನ ಸೆಟ್ಟು. ಮುಳ್ಳನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ಎರಡು ಸಲ ಎಳೆದಿದ್ದೆ. ಧಾರವಾಡ ಗಟ್ಟಿಯಾಗಿತ್ತು, ಕಲಬುರಗಿ ಪಿಸುಗುಡುತ್ತಿತ್ತು, ಉಳಿದದ್ದೆಲ್ಲ ಗರಗರ. ಪಕ್ಕದಲ್ಲಿ ಧೋತರದ ಹಿರಿಯರೊಬ್ಬರು ಅಡಿಕೆ ಕತ್ತರಿಸುತ್ತ ನನ್ನನ್ನೇ ನೋಡುತ್ತಿದ್ದರು.

“ಏನ್ ಹುಡುಕಾಕತ್ತೀರಿ ಸರ?”

“ಬೆಂಗಳೂರು ಸ್ಟೇಷನ್ ಹತ್ತತೈತೇನು ನೋಡ್ತೀನಿ ಕಾಕಾ.”

“ಈಗ ಹತ್ತಂಗಿಲ್ಲ ಬಿಡ್ರಿ. ಹೊತ್ತು ಮುಣಗಲಿ. ದೀಪಾ ಹಚ್ಚೂ ಹೊತ್ತಿಗೆ ತಾನ ಬರತೈತಿ.”

ಜೋಳದ ಹೊಲ ಕಾಯುವಾಗ ಟ್ರಾನ್ಸಿಸ್ಟರ್ ಕೇಳಿ ಕಲಿತ ವಿದ್ಯೆಯಂತೆ ಅದು. ವಿಜ್ಞಾನಿಗಳಿಗೆ ಇದೇ ಮಾತನ್ನು ಲೆಕ್ಕ ಸಮೇತ ಹೇಳಲು ಇಪ್ಪತ್ತನೆಯ ಶತಮಾನದ ಮೊದಲ ಮೂರೂವರೆ ದಶಕ ಬೇಕಾಯಿತು. ಕಾಕಾ ಹೇಳಿದಂತೆಯೇ ಆಯಿತು. ಆರು ದಾಟಿ ಹದಿನೈದು ಇಪ್ಪತ್ತು ನಿಮಿಷಕ್ಕೆ, ಅದೇ ಜಾಗದಲ್ಲಿಟ್ಟ ಮುಳ್ಳಿನ ಕೆಳಗೆ ಗರಗರದ ಒಳಗಿನಿಂದ ಒಂದು ದನಿ ಎದ್ದಿತು, ಬಾವಿಯಿಂದ ಕೊಡ ಮೇಲೆ ಬಂದಂತೆ. ಮೊದಲು ರಾಗ, ಆಮೇಲೆ ಮಾತು, ಕೊನೆಗೆ ಮಾತಿನ ಅರ್ಥ.

ಪ್ರವಾಸದಲ್ಲಿ ದೂರದ ಸ್ಟೇಷನ್ ಹುಡುಕುವವರಿಗೆ ಆಲಮಟ್ಟಿ ಒಳ್ಳೆಯ ಜಾಗ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಕೃಷ್ಣೆಗೆ ಇಲ್ಲಿ ಕಟ್ಟಿದ ಅಣೆಕಟ್ಟಲ್ಲ, ನಕಾಶೆ. ಇಲ್ಲಿಂದ ಧಾರವಾಡ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 135 ಕಿಲೋಮೀಟರ್. ಕಲಬುರಗಿ ಸುಮಾರು 150. ಮಹಾರಾಷ್ಟ್ರದ ಸಾಂಗಲಿಯೂ ಅಷ್ಟೇ. ಮೂರೂ ಕಡೆ ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರಗಳು ಇದ್ದವು. ಯಾವ ಕೇಂದ್ರಕ್ಕೂ ತೀರ ಹತ್ತಿರವಿಲ್ಲದ್ದರಿಂದ ಯಾವುದೂ ಉಳಿದವುಗಳ ಬಾಯಿ ಮುಚ್ಚಿಸುವುದಿಲ್ಲ. ಧಾರವಾಡದಲ್ಲೇ ಕೂತು ಬೆಂಗಳೂರು ಹುಡುಕುವುದು ತೇರಿನ ಮುಂದೆ ನಿಂತು ಪಿಸುಮಾತು ಕೇಳಿದಂತೆ. ಇಲ್ಲಿ ಆ ತೊಂದರೆ ಇಲ್ಲ.

ಹುಡುಕುವ ಮುಂಚೆ ಒಂದು ಸಣ್ಣ ಲೆಕ್ಕ. ಧಾರವಾಡ 765 ಕಿಲೋಹರ್ಟ್ಸ್, ಬೆಂಗಳೂರು 612, ಭದ್ರಾವತಿ 675, ಕಲಬುರಗಿ 1107, ಹೈದರಾಬಾದ್ 738, ಮುಂಬೈನ ಒಂದು ಕೇಂದ್ರ 558, ಇನ್ನೊಂದು 1044. ಯಾವುದನ್ನಾದರೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಜಿನೀವಾದಲ್ಲಿ 1975ರಲ್ಲಿ ದೇಶಗಳು ಕೂಡಿ ಯುರೋಪ್, ಆಫ್ರಿಕಾ, ಏಷ್ಯಾಗಳ ಮೀಡಿಯಂ ವೇವ್ ಪಟ್ಟಿಯನ್ನು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರಕ್ಕೆ ಹಂಚಿದವು. 1978ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಅಮೆರಿಕದವರದು ಮಾತ್ರ ಹತ್ತರ ಮಗ್ಗಿ. ಅಲ್ಲಿಂದ ಮಕ್ಕಳು ತಂದುಕೊಟ್ಟ ಅಂಕಿ ತೋರಿಸುವ ರೇಡಿಯೊ ಊರಲ್ಲಿ ‘ಸರಿಯಾಗಿ ಹತ್ತೂದಿಲ್ಲ’ ಎಂದು ಮೂಲೆ ಸೇರುವುದು ಇದರಿಂದಲೇ. ಅದು 760ರಿಂದ 770ಕ್ಕೆ ಜಿಗಿಯುತ್ತದೆ, ಧಾರವಾಡ ನಡುವೆ ಉಳಿದುಬಿಡುತ್ತದೆ. ಅಂಥ ಬಹಳಷ್ಟು ಸೆಟ್ಟುಗಳಲ್ಲಿ 9/10 ಎಂದು ಬದಲಿಸುವ ಗುಂಡಿ ಇರುತ್ತದೆ. ಮೂಲೆಗೆ ಹಾಕುವ ಮುಂಚೆ ಅದನ್ನೊಮ್ಮೆ ಹುಡುಕಿ.

ಅಂಕಿ ದೊಡ್ಡದಾದಷ್ಟೂ ಅಲೆ ಚಿಕ್ಕದು. 765 ಕಿಲೋಹರ್ಟ್ಸ್ ಅಲೆಯ ಒಂದು ಏರಿನಿಂದ ಮುಂದಿನ ಏರಿಗೆ 392 ಮೀಟರ್. ಆಲಮಟ್ಟಿ ಅಣೆಕಟ್ಟಿನ ಉದ್ದ ಒಂದೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಅಂದರೆ ಈ ದಂಡೆಯಿಂದ ಆ ದಂಡೆಯವರೆಗೆ ಧಾರವಾಡದ ನಾಲ್ಕೇ ನಾಲ್ಕು ಅಲೆ ಹಿಡಿಯುತ್ತವೆ. ವಿಜಯಪುರದ ಎಫ್‌ಎಂ 101.8 ಮೆಗಾಹರ್ಟ್ಸ್, ಅದರ ಅಲೆ ಮೂರು ಮೀಟರೂ ಇಲ್ಲ. ಸಣ್ಣ ಅಲೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ, ಭೂಮಿ ಬಾಗಿದರೆ ಅಲ್ಲಿಗೆ ಮುಗಿಯಿತು. ಮೀಡಿಯಂ ವೇವ್‌ನ ದೊಡ್ಡ ಅಲೆ ನೆಲಕ್ಕೆ ಮೈಯೊತ್ತಿ, ಭೂಮಿಯ ಬಾಗನ್ನೇ ಹಿಡಿದು ನಡೆಯುತ್ತದೆ.

ನೆಲ ಹಿಡಿದು ನಡೆಯುವವನಿಗೆ ನೆಲ ಎಂಥದ್ದು ಎಂಬುದು ಮುಖ್ಯ. ಅಲೆ ಹಾಯುವಾಗ ಮಣ್ಣಿನಲ್ಲಿ ಸಣ್ಣ ವಿದ್ಯುತ್ ಹರಿವನ್ನು ಹುಟ್ಟಿಸುತ್ತದೆ. ಮಣ್ಣು ಒಳ್ಳೆಯ ವಾಹಕವಾಗಿದ್ದರೆ ನಷ್ಟ ಕಡಿಮೆ. ಒಣ ಮರಳು, ಬಂಡೆಗಲ್ಲು ಅಲೆಯನ್ನು ಬೇಗ ತಿಂದುಹಾಕುತ್ತವೆ. ತೇವ ಹಿಡಿದಿಡುವ ಎರಿಮಣ್ಣು ಚೆನ್ನಾಗಿ ದಾಟಿಸುತ್ತದೆ. ಡೋಣಿ ನದಿ ಸಾಲಿನ ಎರಿ ಬಿಳಿಜೋಳಕ್ಕೆ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ಮೀಡಿಯಂ ವೇವ್‌ಗೂ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯ ದಾರಿ ಸಮುದ್ರ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ‘ಎದುರಿಗೇ ಇಷ್ಟು ದೊಡ್ಡ ನೀರಿದೆ, ಅದಕ್ಕೇ ಇಲ್ಲಿ ರೇಡಿಯೊ ಚೆನ್ನಾಗಿ ಕೇಳುತ್ತದೆ’ ಎನ್ನುವವರಿದ್ದಾರೆ. ಕೃಷ್ಣೆಯದು ಸಿಹಿನೀರು. ಉಪ್ಪುನೀರಿಗೆ ಹೋಲಿಸಿದರೆ ಅದರ ವಾಹಕ ಗುಣ ನೂರು ಪಟ್ಟು ಕಡಿಮೆ. ಹಸಿ ಎರಿಮಣ್ಣಿಗಿಂತ ಹೆಚ್ಚೇನೂ ಮೇಲಲ್ಲ. ಜಲಾಶಯದ 123 ಟಿಎಂಸಿ ನೀರು ಹೊಲಕ್ಕೆ ಬೇಕು, ರೇಡಿಯೊಗೆ ಅದರಿಂದ ಅಷ್ಟೇನೂ ಪ್ರಯೋಜನವಿಲ್ಲ.

ಹಗಲಿನ ಧಾರವಾಡ, ಹಗಲಿನ ಕಲಬುರಗಿ ಈ ನೆಲದಲೆಗಳು. ದೂರ ಹೆಚ್ಚುಕಡಿಮೆ ಒಂದೇ ಆದರೂ ಒಂದು ಗಟ್ಟಿ, ಒಂದು ಪಿಸುಮಾತು ಏಕೆ? ಧಾರವಾಡದ ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟಿನದು, ಕಲಬುರಗಿಯದು 20. ಸಾಲದ್ದಕ್ಕೆ 1107ರ ಚಿಕ್ಕ ಅಲೆಯನ್ನು ನೆಲ ಹೆಚ್ಚು ಹೀರುತ್ತದೆ. ಬೆಂಗಳೂರಿಗೂ 200 ಕಿಲೋವ್ಯಾಟ್ ಇತ್ತು, ಅಲೆಯೂ ಉದ್ದ. ಆದರೆ ದೂರ 415 ಕಿಲೋಮೀಟರ್. ನೆಲದಲೆಗೆ ಅಷ್ಟು ದೂರ ನಡೆಯುವ ತ್ರಾಣವಿಲ್ಲ.

ಹಾಗಾದರೆ ಸಂಜೆ ಅದು ಯಾವ ದಾರಿಯಲ್ಲಿ ಬಂತು?

ಮೇಲಿನಿಂದ. ನೂರು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಗಾಳಿಯ ಅಣುಗಳಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳ ಪದರಗಳಿವೆ. ಮೀಡಿಯಂ ವೇವ್ ಅಲೆಯನ್ನು ಅವು ಕನ್ನಡಿಯಂತೆ ಬಾಗಿಸಿ ಕೆಳಗೆ ಕಳುಹಿಸುತ್ತವೆ. ಹೀಗೆ ಇಳಿದು ಬರುವುದೇ ಬಾನಲೆ. ಇಂಥದ್ದೊಂದು ಪದರ ಇರಬೇಕು ಎಂದು 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದ್ದರು. 1924ರ ಡಿಸೆಂಬರ್‌ನಲ್ಲಿ ಎಡ್ವರ್ಡ್ ಆಪಲ್‌ಟನ್ ಅದನ್ನು ಅಳೆದು ತೋರಿಸಿದರು. ಅವರು ಬಳಸಿದ್ದು ಬೋರ್ನ್‌ಮತ್ ಊರಿನ ಬಿಬಿಸಿಯ ಸಾಮಾನ್ಯ ಟ್ರಾನ್ಸ್‌ಮಿಟರ್. ಕಾರ್ಯಕ್ರಮಗಳು ಮುಗಿದ ಮೇಲೆ, ನಡುರಾತ್ರಿ ಅದರ ಅಲೆಯ ಉದ್ದವನ್ನು ಮೆಲ್ಲಗೆ ಬದಲಿಸುತ್ತ ಹೋದರು. ಆಕ್ಸ್‌ಫರ್ಡಿನಲ್ಲಿ ಕೂತು ನೆಲದಲೆ, ಬಾನಲೆ ಎರಡೂ ಕೂಡುವುದನ್ನು, ಕಳೆಯುವುದನ್ನು ಎಣಿಸಿದರು. ಅದರಿಂದ ಎತ್ತರ ಸಿಕ್ಕಿತು. 1947ರಲ್ಲಿ ನೊಬೆಲ್ ಪ್ರಶಸ್ತಿಯೂ ಸಿಕ್ಕಿತು.

ಆ ಕನ್ನಡಿ ಹಗಲೂ ಇರುತ್ತದೆ, ರಾತ್ರಿಯೂ ಇರುತ್ತದೆ. ಹಗಲಲ್ಲಿ ಅದರ ಕೆಳಗೆ ಒಂದು ಕಂಬಳಿ ಹಾಸಿರುತ್ತದೆ, ಅಷ್ಟೇ. ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದ ಈ ಪದರಕ್ಕೆ ‘ಡಿ’ ಎಂದು ಹೆಸರು. ಇಷ್ಟು ಕೆಳಗೆ ಅಲೆಗಳನ್ನು ಹೀರುವ ಪದರವಿದೆ ಎಂದು ಕಲ್ಕತ್ತದಲ್ಲಿ ಶಿಶಿರ್ ಕುಮಾರ್ ಮಿತ್ರಾ ತಮ್ಮ ಸಹೋದ್ಯೋಗಿಯೊಂದಿಗೆ 1935ರಲ್ಲಿ ವರದಿ ಮಾಡಿದರು. ಆ ವರ್ಷವೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ ‘ಆಕಾಶವಾಣಿ’ ಶುರುವಾಗಿದ್ದು.

ಡಿ ಪದರ ಹುಟ್ಟುವುದು ಬಿಸಿಲಿನಿಂದ. ಸೂರ್ಯನ ಒಂದು ಬಗೆಯ ಅತಿನೇರಳೆ ಕಿರಣ ಅಲ್ಲಿನ ನೈಟ್ರಿಕ್ ಆಕ್ಸೈಡ್ ಅಣುಗಳಿಂದ ಎಲೆಕ್ಟ್ರಾನು ಕಿತ್ತುಹಾಕುತ್ತದೆ. ರೇಡಿಯೊ ಅಲೆ ಬಂದಾಗ ಈ ಎಲೆಕ್ಟ್ರಾನುಗಳು ಅದರ ತಾಳಕ್ಕೆ ತೂಗತೊಡಗುತ್ತವೆ. ಮೇಲಿನ ಪದರಗಳಲ್ಲಾದರೆ ಗಾಳಿ ವಿರಳ, ತೂಗಿದ ಎಲೆಕ್ಟ್ರಾನು ಪಡೆದ ಶಕ್ತಿಯನ್ನು ಅಲೆಗೇ ತಿರುಗಿ ಕೊಡುತ್ತದೆ. ಇಲ್ಲಿ ಗಾಳಿ ದಟ್ಟ. ಕಿಕ್ಕಿರಿದ ಬಸ್ಸಿನಲ್ಲಿ ಜೋಕಾಲಿ ಕಟ್ಟಿದಂತೆ. ಒಂದು ತೂಗು ಪೂರ್ತಿಯಾಗುವ ಮುಂಚೆಯೇ ಯಾರಿಗೋ ಢಿಕ್ಕಿ. ಅಲೆಯ ಶಕ್ತಿಯೆಲ್ಲ ಗಾಳಿಯ ಬಿಸಿಯಾಗಿ ಮುಗಿದುಹೋಗುತ್ತದೆ. ಆ ದಟ್ಟಣೆಯಿಂದಲೇ ಒಂದು ಉಪಕಾರವೂ ಇದೆ: ಬಿಸಿಲು ನಿಂತ ಕೂಡಲೇ ಎಲೆಕ್ಟ್ರಾನುಗಳಿಗೆ ಜೊತೆ ಸಿಕ್ಕಿ ಪದರ ನಿಮಿಷಗಳಲ್ಲಿ ಕರಗುತ್ತದೆ.

ಇಲ್ಲಿ ‘ಬಿಸಿಲು ನಿಂತ ಕೂಡಲೇ’ ಎಂದದ್ದು ಎಪ್ಪತ್ತು ಕಿಲೋಮೀಟರ್ ಮೇಲಿನ ಮಾತು. ಬೀದಿಗೆ ನೆರಳು ಬಿದ್ದ ಮೇಲೂ ಗೋಳಗುಮ್ಮಟದ ನೆತ್ತಿಯ ಮೇಲೆ ಬಿಸಿಲು ಕಾಣುವುದುಂಟಲ್ಲ, ಹಾಗೆ. ಆಲಮಟ್ಟಿಯಲ್ಲಿ ಡಿಸೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಅಷ್ಟೆತ್ತರದಲ್ಲಿ ಕೊನೆಯ ಬಿಸಿಲು ಅಳಿಯಲು ಇನ್ನೂ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೇ ಕಂಬಳಿ ತೆಳುವಾಗುತ್ತ ಹೋಗುತ್ತದೆ. ಕಾಕಾ ಹೇಳಿದ ‘ದೀಪಾ ಹಚ್ಚೂ ಹೊತ್ತು’ ನಿಖರವಾಗಿ ಇದೇ.

ಊರುಗಳು ಹತ್ತುವುದಕ್ಕೂ ಒಂದು ಸರದಿ ಇದೆ. ಕತ್ತಲು ಪೂರ್ವದಿಂದ ಬರುತ್ತದೆ. ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಹೈದರಾಬಾದಿನ ದಾರಿ ಮುಂಬೈ ದಾರಿಗಿಂತ ಮೊದಲು ತೆರೆಯುತ್ತದೆ. ಮುಂಜಾನೆ ಇದೇ ಸರದಿಯಲ್ಲಿ ಪೂರ್ವದ ಊರುಗಳು ಮೊದಲು ಮಾಯ, ಪಶ್ಚಿಮದವು ಕೊನೆಗೆ.

ಬೆಂಗಳೂರಿನ ದನಿ ಬಂದ ದಾರಿಯನ್ನು ನಕಾಶೆಯ ಮೇಲೆ ಸ್ಕೇಲಿಟ್ಟು ಎಳೆದೆ. ಬಾನಲೆ ಎರಡೂ ಊರಿನ ನಟ್ಟನಡುವೆ ತಿರುಗುತ್ತದೆ. ನಡುವಿನ ಚುಕ್ಕೆ ಬಿದ್ದದ್ದು ಮೊಳಕಾಲ್ಮೂರಿನ ಹತ್ತಿರ. ರೇಷ್ಮೆ ಸೀರೆಯ ಆ ಊರಿನ ನೆತ್ತಿಯ ಮೇಲೆ, ನೂರು ಕಿಲೋಮೀಟರ್ ಎತ್ತರಕ್ಕೆ ಹೋಗಿ, ಅಲ್ಲಿಂದ ಬಾಗಿ ವಾರ್ತೆ ಆಲಮಟ್ಟಿಗೆ ಇಳಿಯುತ್ತದೆ. ಸುತ್ತು ಬಳಸಿದರೂ ಹೆಚ್ಚಿಗೆ ನಡೆದದ್ದು ನಲವತ್ತೈದು ಕಿಲೋಮೀಟರ್ ಮಾತ್ರ.

ಇನ್ನು ರಾತ್ರಿಯ ಧಾರವಾಡದ ಕಥೆ. ದೂರದ ಊರುಗಳು ಹತ್ತುವ ಹೊತ್ತಿಗೆ, ಹಗಲೆಲ್ಲ ಗಟ್ಟಿಯಾಗಿದ್ದ ಹತ್ತಿರದ ಸ್ಟೇಷನ್ ಕುಂಟತೊಡಗುತ್ತದೆ. ದನಿ ದಪ್ಪವಾಗುತ್ತದೆ, ತೆಳುವಾಗುತ್ತದೆ, ಒಮ್ಮೊಮ್ಮೆ ಒಡೆದ ತಮಟೆಯಾಗುತ್ತದೆ. ಜನ ಸೆಲ್ಲನ್ನು ಬೈಯುತ್ತಾರೆ, ಬಿಸಿಲಿಗಿಟ್ಟು ಬಿಸಿ ಮಾಡುತ್ತಾರೆ. ಸೆಲ್ಲಿನ ತಪ್ಪಿಲ್ಲ. ನೂರು ನೂರೈವತ್ತು ಕಿಲೋಮೀಟರಿನ ಅಂತರದಲ್ಲಿ ರಾತ್ರಿ ನೆಲದಲೆ, ಬಾನಲೆ ಎರಡೂ ಹತ್ತಿರಹತ್ತಿರ ಸಮಬಲದಲ್ಲಿ ಬರುತ್ತವೆ. ಎರಡರ ಏರು ಕೂಡಿ ಬಂದರೆ ದನಿ ಇಮ್ಮಡಿ. ಒಂದರ ಏರಿಗೆ ಇನ್ನೊಂದರ ಇಳಿವು ಸಿಕ್ಕಿದರೆ ಸೊನ್ನೆ. ಧಾರವಾಡದ ಬಾನಲೆ ರಾಮದುರ್ಗ ಮತ್ತು ಬಾದಾಮಿಯ ನಡುವೆಲ್ಲೋ ಮೇಲೇರಿ ತಿರುಗುತ್ತದೆ. ಲೆಕ್ಕ ಹಾಕಿದರೆ, ಅಲ್ಲಿನ ಪದರ ಬರೀ 120 ಮೀಟರ್ ಮೇಲೆ ಸರಿದರೆ ಸಾಕು, ಕೂಡಿದ್ದು ಕಳೆಯುತ್ತದೆ. ಪದರವೋ ರಾತ್ರಿಯಿಡೀ ನೀರಿನ ಮೇಲಿನ ಬಟ್ಟೆಯಂತೆ ಅಲುಗುತ್ತಲೇ ಇರುತ್ತದೆ. ಕಾಲು ಬೆರಳಿನಿಂದ ತಾಳ ಹಾಕುತ್ತ ಕೇಳಿದರೆ ಎಷ್ಟು ಸೆಕೆಂಡಿಗೊಮ್ಮೆ ದನಿ ಮುಳುಗುತ್ತದೆ ಎಂದು ಎಣಿಸಬಹುದು. ಆಪಲ್‌ಟನ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ, ಇನ್ನಷ್ಟು ಶಿಸ್ತಾಗಿ.

ರೇಡಿಯೊ ಬೆನ್ನು ಬಿಚ್ಚಿದರೆ ಕರಿ ಬಣ್ಣದ, ಸೀಮೆಸುಣ್ಣದಂಥ ಒಂದು ಸರಳು, ಅದಕ್ಕೆ ಸುತ್ತಿದ ತೆಳು ತಾಮ್ರದ ತಂತಿ ಕಾಣುತ್ತದೆ. ಮೀಡಿಯಂ ವೇವ್‌ಗೆ ಏರಿಯಲ್ ಅದೇ. ಮೇಲೆಳೆಯುವ ಉಕ್ಕಿನ ಕಡ್ಡಿ ಈ ಕೆಲಸಕ್ಕೆ ಬರುವುದಿಲ್ಲ. ಈ ಫೆರೈಟ್ ಸರಳಿನ ಮೈ ಸ್ಟೇಷನ್ನಿನ ಕಡೆ ಇದ್ದರೆ ದನಿ ಗಟ್ಟಿ, ತುದಿ ಆ ಕಡೆ ಇದ್ದರೆ ದನಿ ಸಾಯುತ್ತದೆ. ಪೆಟ್ಟಿಗೆಯನ್ನು ಬೀಸುಗಲ್ಲಿನಂತೆ ನಿಧಾನ ತಿರುಗಿಸಿ, ದನಿ ಸತ್ತ ಜಾಗದಲ್ಲಿ ನಿಲ್ಲಿಸಿದರೆ ಸರಳು ನೇರವಾಗಿ ಆ ಊರನ್ನು ತೋರಿಸುತ್ತಿರುತ್ತದೆ. ಇದೇ ಗುಣದಿಂದ ಆಲಮಟ್ಟಿಯಲ್ಲಿ ಒಂದು ಮಜಾ ಇದೆ. ಇಲ್ಲಿಂದ ಧಾರವಾಡ ನೈಋತ್ಯಕ್ಕೆ, ಕಲಬುರಗಿ ಈಶಾನ್ಯಕ್ಕೆ, ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ. ಸರಳನ್ನು ಆ ಗೆರೆಗೆ ಹೊಂದಿಸಿದರೆ ಎರಡು ಊರೂ ಒಟ್ಟಿಗೆ ಸುಮ್ಮನಾಗುತ್ತವೆ. ಆಗ ಸರಳಿನ ಮೈ ಯಾವ ಕಡೆಗಿರುತ್ತದೆ? ವಾಯವ್ಯಕ್ಕೆ, ಆಗ್ನೇಯಕ್ಕೆ. ವಾಯವ್ಯದಲ್ಲಿ ಮುಂಬೈ, ಆಗ್ನೇಯದಲ್ಲಿ ಚೆನ್ನೈ. ಬೇಕಾದ ಎರಡಕ್ಕೆ ಬಾಗಿಲು ತೆರೆದು ಬೇಡದ ಎರಡಕ್ಕೆ ಮುಚ್ಚುವ ಇಂಥ ಊರು ಎಲ್ಲ ಕಡೆ ಸಿಗುವುದಿಲ್ಲ.

ಗಾಡಿ ಹತ್ತಿದ ಮೇಲೆ ಆಟ ಬೇರೆ. ರೈಲಿನ ಡಬ್ಬಿ ಕಬ್ಬಿಣದ ಪೆಟ್ಟಿಗೆ. ಕಿಟಕಿಗೆ ಒತ್ತಿ ಹಿಡಿದರಷ್ಟೇ ಏನಾದರೂ ಕೇಳುತ್ತದೆ, ಒಂದು ಮೊಳ ಒಳಗೆ ಸರಿದರೆ ಇಲ್ಲ. ಕಬ್ಬಿಣದ ತೊಲೆಗಳು ಮೇಲೂ ಪಕ್ಕದಲ್ಲೂ ಹೆಣೆದ ಸೇತುವೆಯೊಳಗೆ ಹೊಕ್ಕರೆ ಅದೂ ಇಲ್ಲ. ಮನುಷ್ಯನ ಕಣ್ಣಿಗೆ ಆ ತೊಲೆಗಳ ನಡುವೆ ಎಷ್ಟೋ ಜಾಗವಿದೆ, ಆದರೆ ನಾನೂರು ಮೀಟರ್ ಅಲೆಗೆ ಅದು ಹಿಟ್ಟಿನ ಜರಡಿ. ಈಗ ಈ ಮಾರ್ಗಕ್ಕೆ ವಿದ್ಯುತ್ ತಂತಿಯೂ ಬಂದಿದೆ. ಅದರ ಕಿರಿಕಿರಿ ಮೀಡಿಯಂ ವೇವ್‌ನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಡುವ ದೊಡ್ಡ ತಂತಿಗಳ ಕೆಳಗೂ ಹಾಗೆಯೇ. ಕೇಳಬೇಕೆನ್ನುವವರು ಹೊಲದ ಬದುವಿಗೆ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಂತೂ ಬದುವಿನಲ್ಲೂ ಸುಖವಿಲ್ಲ. ಅಡ್ಡಮಳೆಯ ಪ್ರತಿ ಮಿಂಚೂ ಒಂದು ಟ್ರಾನ್ಸ್‌ಮಿಟರ್. ಕಣ್ಣಿಗೆ ಕಾಣದಷ್ಟು ದೂರದ ಮಿಂಚಿಗೂ ರೇಡಿಯೊ ಚಟಾರ್ ಎನ್ನುತ್ತದೆ.

ಹಗಲಿನಲ್ಲೇ ಕಂಬಳಿ ಸರಿದ ದಿನವೂ ಒಂದಿದೆ. 1980ರ ಫೆಬ್ರುವರಿ 16ರ ಮಧ್ಯಾಹ್ನ ಖಗ್ರಾಸ ಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದು ಆಂಧ್ರಕ್ಕೆ ಹೋಯಿತು. ಆಲಮಟ್ಟಿಯ ಬಾನಿನಲ್ಲೂ ಸೂರ್ಯ ಬಹುಪಾಲು ಮುಚ್ಚಿದ್ದ. ಅಂಥ ಹೊತ್ತಿನಲ್ಲಿ ಡಿ ಪದರ ತೆಳುವಾಗಿ, ರಾತ್ರಿಯ ಸ್ಟೇಷನ್ನುಗಳು ಕೆಲವು ನಿಮಿಷ ಇಣುಕುತ್ತವೆ. ಅಂದು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ಸಾವಿರಾರು ಮನೆಗಳಲ್ಲಿ ರೇಡಿಯೊ ಇತ್ತು. ನೋಡಬಾರದೆಂದವರು ಕೇಳಬಹುದಿತ್ತು.

ರಾತ್ರಿಯ ಆಕಾಶವನ್ನೇ ನಂಬಿ ಕಟ್ಟಿದ ಕೇಂದ್ರವೂ ಇತ್ತು. 1988ರಲ್ಲಿ ನಾಗಪುರದಿಂದ 1566 ಕಿಲೋಹರ್ಟ್ಸ್‌ನಲ್ಲಿ, ಸಾವಿರ ಕಿಲೋವ್ಯಾಟಿನಲ್ಲಿ, ಆಕಾಶವಾಣಿಯ ನ್ಯಾಷನಲ್ ಚಾನೆಲ್ ಶುರುವಾಯಿತು. ಸಂಜೆ ಏಳರ ಹೊತ್ತಿಗೆ ತೆರೆದು ಬೆಳಗಿನವರೆಗೆ. ಆಲಮಟ್ಟಿಗೆ ನಾಗಪುರ ಆರುನೂರು ಕಿಲೋಮೀಟರಿಗೂ ದೂರ, ಬಾನಲೆಯಷ್ಟೇ ಮುಟ್ಟುವ ದೂರ. 2018ರ ಕೊನೆಯಲ್ಲಿ ಅದನ್ನು ಮುಚ್ಚುವ ಆದೇಶ ಬಂತು. ಅದಾದ ಮೇಲೆ ಇನ್ನೂ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಮೌನವಾಗಿವೆ. ಖರ್ಚಿನ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೂ ಒಂದೇ ಕಂಬದಿಂದ ನಾಲ್ಕು ಜಿಲ್ಲೆಗೆ ಹಗಲು, ನಾಲ್ಕು ರಾಜ್ಯಕ್ಕೆ ರಾತ್ರಿ ಕೇಳಿಸುವ ಸಾಧನವನ್ನು ಕೆಡವುವುದು ನನಗೆ ಜಾಣತನವೆನಿಸಿಲ್ಲ. ನೆರೆ ಬಂದು ಮೊಬೈಲ್ ಗೋಪುರಗಳು ಕೈಕೊಟ್ಟ ದಿನ ಇದರ ಬೆಲೆ ತಿಳಿಯುತ್ತದೆ.

ಖಾಲಿಯಾದ ಡಯಲ್‌ನಿಂದ ಒಂದು ಲಾಭವಂತೂ ಇದೆ: ಹತ್ತಿರದವರು ಸುಮ್ಮನಾದ ಜಾಗದಲ್ಲಿ ದೂರದವರು ಕೇಳಿಸುತ್ತಾರೆ. ಕೇಳಲು ಒಳ್ಳೆಯ ಹೊತ್ತು ಸಂಜೆಗಿಂತ ಬೆಳಗು. ಆಕಾಶವಾಣಿ ಕೇಂದ್ರಗಳು ಬಾಗಿಲು ತೆಗೆಯುವುದು 5.55ರ ಸುಮಾರಿಗೆ, ವಾಲ್ಟರ್ ಕೌಫ್‌ಮನ್ 1936ರಲ್ಲಿ ಕೂಡಿಸಿದ ಆ ಸಂಕೇತ ಸಂಗೀತದೊಂದಿಗೆ. ಜನವರಿಯಲ್ಲಿ ಆಲಮಟ್ಟಿಯ ಸೂರ್ಯೋದಯ ಏಳಕ್ಕೆ ಸ್ವಲ್ಪ ಮುಂಚೆ. ಮೇಲಿನ ಕಂಬಳಿ ಹಾಸಿಕೊಳ್ಳುವುದು ಆರೂಕಾಲರ ನಂತರ. ಕೈಯಲ್ಲಿ ಇರುವುದು ಇಪ್ಪತ್ತು ನಿಮಿಷ. ಒಂದೇ ತಂಬೂರಿ, ಒಂದೇ ಪಿಟೀಲು ಒಂದು ಅಂಕಿಯಲ್ಲಿ ಶುರುವಾಗಿರುತ್ತದೆ, ಪಕ್ಕದ ಅಂಕಿಯಲ್ಲಿ ಎರಡು ಸೆಕೆಂಡು ಹಿಂದಿರುತ್ತದೆ, ಮುಂದಿನದರಲ್ಲಿ ಮುಗಿಯುತ್ತಿರುತ್ತದೆ. ಅದು ಮುಗಿದ ಮೇಲೆ ಬರುವ ಮೊದಲ ಮಾತು ತೆಲುಗೋ, ಮರಾಠಿಯೋ, ತಮಿಳೋ ಎಂದು ಕಿವಿಗೊಟ್ಟರೆ ಊರು ಗೊತ್ತಾಗುತ್ತದೆ.

ಈ ಚಳಿಗಾಲದಲ್ಲಿ ಆ ಕಡೆ ಹೋಗುವವರು ಸೆಟ್ಟಿನ ಜೊತೆ ಒಂದು ವಹಿ ಇಟ್ಟುಕೊಳ್ಳಿ. ತಾರೀಖು, ಹೊತ್ತು, ಅಂಕಿ, ಸರಳಿನ ದಿಕ್ಕು, ಕೇಳಿದ್ದೇನು, ಇಷ್ಟು ಬರೆದರೆ ಸಾಕು. ಮೊಬೈಲ್ ಚಾರ್ಜರನ್ನು ಮಾತ್ರ ಹತ್ತಿರ ಇಡಬೇಡಿ. ಅದು ಮುಂಬೈಯನ್ನು ನುಂಗುತ್ತದೆ.